ಮನೆಯಿಂದಲೇ ಹೃದಯತಜ್ಞರ ಭೇಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೃದ್ರೋಗಿಗಳ ಮರುತಪಾಸಣೆಯ ಬಗ್ಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಡಿಯೊ ಮೂಲಕ ವೈದ್ಯರನ್ನು ಕಾಣುವುದಕ್ಕೆ ಸಂಬಂಧಿಸಿವೆ. ನಮ್ಮ ರಾಜ್ಯದ ಹೃದಯತಜ್ಞರಲ್ಲಿ ಬಹುಪಾಲು ಮಂದಿ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯಂಥ ನಗರಗಳಲ್ಲಿದ್ದಾರೆ. ರೋಗಿಗಳಾದರೋ ಎಲ್ಲ ಊರುಗಳಲ್ಲೂ ಇದ್ದಾರೆ. ಹಾಗಾಗಿ ಈ ಪ್ರಶ್ನೆಗಳು ಬಂದದ್ದು ಸಹಜವೇ. ಪತ್ರ ಬರೆದವರ ಗುರುತು ಸಿಗದ ಹಾಗೆ ವಿವರಗಳನ್ನು ಕಡಿಮೆ ಮಾಡಿದ್ದೇನೆ. ಇಲ್ಲಿ ಹೇಳಿರುವುದು ತಿಳಿವಳಿಕೆಗಾಗಿ. ಔಷಧಿಯ ಪ್ರಮಾಣವನ್ನು ನಿಮ್ಮನ್ನು ಬಲ್ಲ ವೈದ್ಯರೇ ತೀರ್ಮಾನಿಸಬೇಕು.

ಸಿರಸಿ ತಾಲ್ಲೂಕಿನಿಂದ ಒಬ್ಬ ಓದುಗರು

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿ ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿದರು. ಮೂರು ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ಹೋಗಿ, ಹತ್ತು ನಿಮಿಷ ಮಾತಾಡಿ, ಮತ್ತೆ ರಾತ್ರಿ ಬಸ್ಸಿನಲ್ಲೇ ಬರುತ್ತೇವೆ. ಈಗ ಆಸ್ಪತ್ರೆಯವರು ವಿಡಿಯೊದಲ್ಲೇ ನೋಡಬಹುದು ಎನ್ನುತ್ತಿದ್ದಾರೆ. ಎದೆಗೆ ಸ್ಟೆತಸ್ಕೋಪ್ ಇಡದ ಡಾಕ್ಟರು ಏನು ಹೇಳಿಯಾರು ಎಂಬುದು ಅಪ್ಪನ ಆಕ್ಷೇಪ.

ಉತ್ತರ: ನಿಮ್ಮ ತಂದೆಯವರ ಆಕ್ಷೇಪದಲ್ಲಿ ಹುರುಳಿದೆ. ಆದರೂ ಅವರ ಸ್ಥಿತಿಯಲ್ಲಿರುವವರಿಗೆ ವಿಡಿಯೊ ಭೇಟಿ ಚೆನ್ನಾಗಿಯೇ ಒದಗುತ್ತದೆ ಎಂದು ನನ್ನ ಅನುಭವದಿಂದ ಹೇಳಬಲ್ಲೆ. ಸ್ಟೆಂಟ್ ಹಾಕಿದ ಮೇಲಿನ ಸಾಮಾನ್ಯ ಮರುಭೇಟಿಯಲ್ಲಿ ನಾವು ತಿಳಿಯಬೇಕಾದದ್ದು ಕೆಲವೇ ಸಂಗತಿಗಳು: ನಡೆದಾಗ, ಗುಡ್ಡ ಹತ್ತಿದಾಗ ಎದೆ ಬಿಗಿಯುತ್ತದೆಯೇ, ಉಸಿರು ಸಾಲದೆ ಬರುತ್ತದೆಯೇ, ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದಾರೆಯೇ, ಅವುಗಳಿಂದ ತೊಂದರೆಯಾಗುತ್ತಿದೆಯೇ, ರಕ್ತದೊತ್ತಡ ಮತ್ತು ನಾಡಿ ಎಷ್ಟಿದೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಎಷ್ಟಕ್ಕೆ ಇಳಿದಿದೆ. ಒಮ್ಮೆ ಹೃದಯಾಘಾತವಾದವರಲ್ಲಿ ಎಲ್‌ಡಿಎಲ್ 70ಕ್ಕಿಂತ, ಸಾಧ್ಯವಾದರೆ 55ಕ್ಕಿಂತ ಕೆಳಗಿರಬೇಕೆಂದು ನಾವು ಬಯಸುತ್ತೇವೆ. ಈ ರಕ್ತಪರೀಕ್ಷೆಯನ್ನು ಸಿರಸಿಯಲ್ಲೇ ಮಾಡಿಸಬಹುದು. ಮೇಲಿನ ಪ್ರಶ್ನೆಗಳಲ್ಲಿ ಯಾವುದಕ್ಕೂ ನಿಮ್ಮ ತಂದೆ ನನ್ನ ಎದುರಿನ ಕುರ್ಚಿಯಲ್ಲೇ ಕುಳಿತಿರಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ರಾತ್ರಿಯಿಡೀ ನಿದ್ರೆಗೆಟ್ಟು ಬಂದವರ ರಕ್ತದೊತ್ತಡವನ್ನು ಆಸ್ಪತ್ರೆಯ ಗದ್ದಲದಲ್ಲಿ ಒಮ್ಮೆ ಅಳೆದು ಮಾತ್ರೆ ಹೆಚ್ಚಿಸುವುದಕ್ಕಿಂತ, ಮನೆಯಲ್ಲಿ ಒಂದು ವಾರ ಅಳೆದ ಲೆಕ್ಕವನ್ನು ನೋಡಿ ತೀರ್ಮಾನಿಸುವುದು ಹೆಚ್ಚು ಸರಿ.

ಕಾನೂನಿನ ಆಧಾರವೂ ಇದಕ್ಕೆ ಇದೆ. 2020ರ ಮಾರ್ಚ್ 25ರಂದು ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ನೋಂದಾಯಿತ ವೈದ್ಯರು ವಿಡಿಯೊ, ದೂರವಾಣಿ ಅಥವಾ ಬರಹದ ಮೂಲಕ ರೋಗಿಗೆ ಸಲಹೆ ಕೊಡಬಹುದು. ಅದೇ ವೈದ್ಯರು ಅದೇ ಕಾಯಿಲೆಗೆ ರೋಗಿಯನ್ನು ಹಿಂದಿನ ಆರು ತಿಂಗಳೊಳಗೆ ಎದುರಾಗಿ ನೋಡಿದ್ದರೆ ಅದು ಮರುಭೇಟಿ ಎನಿಸಿಕೊಳ್ಳುತ್ತದೆ, ಮತ್ತು ಆಗ ಬರೆದುಕೊಡಬಹುದಾದ ಔಷಧಿಗಳ ವ್ಯಾಪ್ತಿ ಹೆಚ್ಚು. ನೀವು ಮೂರು ತಿಂಗಳಿಗೊಮ್ಮೆ ಹೋಗುತ್ತಿರುವುದರಿಂದ ಈ ಶರತ್ತಿಗೆ ಒಳಪಡುತ್ತೀರಿ. ಒಂದು ಭೇಟಿ ವಿಡಿಯೊದಲ್ಲಿ, ಮುಂದಿನದು ಆಸ್ಪತ್ರೆಯಲ್ಲಿ ಎಂಬ ಕ್ರಮ ನಿಮ್ಮ ತಂದೆಯವರಿಗೆ ಹೊಂದುತ್ತದೆ. ಎದುರು ಭೇಟಿಯಲ್ಲಿ ಇ.ಸಿ.ಜಿ., ಅಗತ್ಯವಿದ್ದರೆ ಎಕೊ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್), ಮತ್ತು ಅವರು ಬಯಸುವಂತೆ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡುವುದು, ಎಲ್ಲವೂ ಆಗುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಸ್ಟೆಂಟ್ ಹಾಕಿದ ಮೇಲೆ ಕೊಡುವ ಆಸ್ಪಿರಿನ್ ಜೊತೆಗಿನ ಎರಡನೆಯ ಮಾತ್ರೆಯನ್ನು, ಅದು ಕ್ಲೊಪಿಡೊಗ್ರೆಲ್ ಆಗಿರಲಿ ಟಿಕಾಗ್ರೆಲಾರ್ ಆಗಿರಲಿ, ಹಲ್ಲು ಕೀಳಿಸಲೆಂದೋ ಮೈಮೇಲೆ ನೀಲಿ ಕಲೆ ಮೂಡಿತೆಂದೋ ನೀವಾಗಿಯೇ ನಿಲ್ಲಿಸಬೇಡಿ. ಹೃದಯಾಘಾತದ ನಂತರ ಸಾಮಾನ್ಯವಾಗಿ ಒಂದು ವರ್ಷ ಎರಡನ್ನೂ ಕೊಡುತ್ತೇವೆ. ಅಕಾಲದಲ್ಲಿ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಇಂಥ ಸಂದೇಹ ಬಂದ ದಿನವೇ ಕೇಳಲು ವಿಡಿಯೊ ಭೇಟಿ ನೆರವಾಗುತ್ತದೆ, ಮುಂದಿನ ಬೆಂಗಳೂರು ಪ್ರಯಾಣದವರೆಗೆ ಕಾಯಬೇಕಾಗಿಲ್ಲ.

ಹಾಸನದಿಂದ ಒಬ್ಬ ಶಿಕ್ಷಕಿ

ಪ್ರಶ್ನೆ: ಅತ್ತೆಯವರ ವಿಡಿಯೊ ಭೇಟಿಗೆ ಮುಂದಿನ ವಾರ ಸಮಯ ಸಿಕ್ಕಿದೆ. ಹಿಂದಿನ ಸಲ ಅರ್ಧ ಸಮಯ ‘ಕೇಳಿಸ್ತಾ ಇದೆಯಾ’ ಎನ್ನುವುದರಲ್ಲೇ ಕಳೆಯಿತು. ಏನೇನು ಸಿದ್ಧ ಮಾಡಿಕೊಳ್ಳಬೇಕು?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞತೆ ಹೇಳುತ್ತೇನೆ, ಏಕೆಂದರೆ ವಿಡಿಯೊ ಭೇಟಿಯ ಗುಣಮಟ್ಟ ವೈದ್ಯರಿಗಿಂತ ಹೆಚ್ಚಾಗಿ ಮನೆಯವರ ಸಿದ್ಧತೆಯನ್ನು ಅವಲಂಬಿಸಿದೆ. ಆಸ್ಪತ್ರೆಯಲ್ಲಿ ನರ್ಸ್ ಮತ್ತು ವೈದ್ಯರು ಮಾಡುವ ಪರೀಕ್ಷೆಯ ಅರ್ಧ ಭಾಗ ಇಲ್ಲಿ ನಿಮ್ಮ ಕೈಗೆ ಬರುತ್ತದೆ.

ಮೊದಲನೆಯದು ರಕ್ತದೊತ್ತಡ. ಮಣಿಕಟ್ಟಿಗೆ ಕಟ್ಟುವ ಯಂತ್ರಕ್ಕಿಂತ ತೋಳಿಗೆ ಕಟ್ಟುವ ಯಂತ್ರ ನಂಬಲರ್ಹ. ತೋಳಿನ ಸುತ್ತಳತೆಗೆ ಪಟ್ಟಿ ಸರಿಹೊಂದಬೇಕು, ಚಿಕ್ಕದಾದರೆ ಒತ್ತಡ ಸುಳ್ಳೇ ಹೆಚ್ಚು ತೋರುತ್ತದೆ. ಅಳೆಯುವ ಮೊದಲಿನ ಅರ್ಧ ಗಂಟೆ ಕಾಫಿ, ಚಹಾ, ಹೊಗೆಸೊಪ್ಪು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಧಾರವಿರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕುಳಿತಿರಲಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಅಳೆಯುವಾಗ ಮಾತು ಬೇಡ. ಮಾತಾಡಿದರೂ ಅಂಕಿ ಏರುತ್ತದೆ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಎರಡನ್ನೂ ಬರೆಯಿರಿ. ಬೆಳಿಗ್ಗೆ ಮಾತ್ರೆ ನುಂಗುವ ಮುಂಚೆ ಮತ್ತು ಸಂಜೆ, ಹೀಗೆ ಭೇಟಿಗೆ ಮುಂಚಿನ ಏಳು ದಿನ ಮಾಡಿದರೆ ವೈದ್ಯರಿಗೆ ಒಳ್ಳೆಯ ಲೆಕ್ಕ ಸಿಗುತ್ತದೆ. ಮೊದಲ ದಿನದ್ದನ್ನು ನಾವು ಸಾಮಾನ್ಯವಾಗಿ ಬಿಟ್ಟು ಉಳಿದದ್ದರ ಸರಾಸರಿ ತೆಗೆಯುತ್ತೇವೆ. ಮನೆಯ ಸರಾಸರಿ 135/85 ದಾಟಿದರೆ ಅದನ್ನು ಹೆಚ್ಚು ಎಂದು ಪರಿಗಣಿಸುತ್ತೇವೆ. ಚೆನ್ನಾಗಿ ಕಾಣಲೆಂದು ಹೆಚ್ಚಿನ ಅಂಕಿಗಳನ್ನು ಬಿಟ್ಟು ಬರೆಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಆ ಅಂಕಿಗಳ ಮೇಲೆಯೇ ನಾವು ಮಾತ್ರೆಯ ಪ್ರಮಾಣವನ್ನು ನಿರ್ಧರಿಸುತ್ತೇವೆ.

ನಾಡಿಯನ್ನು ಯಂತ್ರ ತೋರಿಸಿದರೂ ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸುವುದನ್ನು ಕಲಿಯಿರಿ. ಬಡಿತ ಸಮನಾಗಿದೆಯೇ, ನಡುವೆ ತಪ್ಪುತ್ತದೆಯೇ, ಪೂರಾ ಅಡ್ಡಾದಿಡ್ಡಿಯಾಗಿದೆಯೇ ಎಂಬುದು ಕೈಗೆ ತಿಳಿಯುತ್ತದೆ. ಅಡ್ಡಾದಿಡ್ಡಿ ಬಡಿತವಿರುವವರಲ್ಲಿ ಯಂತ್ರದ ರಕ್ತದೊತ್ತಡವೂ ಪ್ರತಿ ಸಲ ಬೇರೆ ಬೇರೆ ಬರಬಹುದು, ಅಂಥವರಲ್ಲಿ ಮೂರು ಸಲ ಅಳೆಯಿರಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಉಗುರಿಗೆ ಬಣ್ಣವಿಲ್ಲದಿರಲಿ, ಕೈ ಬೆಚ್ಚಗಿರಲಿ.

ಎರಡನೆಯದು ಮಾತ್ರೆಗಳು. ಹಳೆಯ ಚೀಟಿಯನ್ನು ಓದಿ ಹೇಳುವ ಬದಲು ಅತ್ತೆಯವರು ನಿಜವಾಗಿ ನುಂಗುತ್ತಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ತಟ್ಟೆಯಲ್ಲಿ ಹರಡಿ, ಹೆಸರು ಮತ್ತು ಮಿಲಿಗ್ರಾಂ ಕಾಣುವಂತೆ ಫೋಟೊ ತೆಗೆದು ಮುಂಚಿತವಾಗಿ ಕಳುಹಿಸಿ. ಮಂಡಿನೋವಿಗೆ ಅಂಗಡಿಯಿಂದ ತಂದ ಗುಳಿಗೆ, ಕಷಾಯ, ಚೂರ್ಣ, ಎಲ್ಲವೂ ಅದರಲ್ಲಿರಲಿ. ನೋವಿನ ಗುಳಿಗೆಗಳಲ್ಲಿ ಹಲವು ದೇಹದಲ್ಲಿ ನೀರು ನಿಲ್ಲಿಸುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ, ಹೃದಯದ ಮಾತ್ರೆಗಳ ಕೆಲಸಕ್ಕೆ ಅಡ್ಡಿಯಾಗುತ್ತವೆ. ಒಂದೇ ಔಷಧವನ್ನು ಎರಡು ಕಂಪನಿಗಳ ಹೆಸರಿನಲ್ಲಿ ಎರಡೆರಡು ಸಲ ನುಂಗುತ್ತಿದ್ದ ರೋಗಿಗಳನ್ನು ಹೀಗೆ ತಟ್ಟೆ ನೋಡಿಯೇ ನಾನು ಗುರುತಿಸಿದ್ದೇನೆ. ಆಸ್ಪತ್ರೆಗೆ ಬರುವಾಗ ಅವರು ಚೀಟಿಯನ್ನಷ್ಟೇ ತರುತ್ತಿದ್ದರು. ಈ ವಿಷಯದಲ್ಲಿ ಮನೆಯ ಭೇಟಿ ಆಸ್ಪತ್ರೆಯ ಭೇಟಿಗಿಂತ ಮೇಲು.

ಇ.ಸಿ.ಜಿ. ಹಾಳೆ ಮತ್ತು ರಕ್ತಪರೀಕ್ಷೆಯ ವರದಿಗಳನ್ನು ಕ್ಯಾಮೆರಾದ ಮುಂದೆ ಹಿಡಿದು ತೋರಿಸಿದರೆ ನಮಗೆ ಏನೂ ಕಾಣುವುದಿಲ್ಲ. ಅವನ್ನು ಹಗಲು ಬೆಳಕಿನಲ್ಲಿ ಮೇಜಿನ ಮೇಲಿಟ್ಟು, ನೆರಳು ಬೀಳದಂತೆ ನೇರ ಮೇಲಿನಿಂದ ಫೋಟೊ ತೆಗೆದು ಹಿಂದಿನ ದಿನವೇ ಕಳುಹಿಸಿ. ಭೇಟಿಯ ಹೊತ್ತಿಗೆ ಕಿಟಕಿಯ ಬೆಳಕು ಅತ್ತೆಯವರ ಮುಖದ ಮೇಲೆ ಬೀಳಲಿ, ಬೆನ್ನ ಹಿಂದಿನಿಂದ ಬಂದರೆ ಮುಖ ಕಪ್ಪಾಗುತ್ತದೆ. ಕಾಲಿನ ಊತ ತೋರಿಸಲು ಅನುಕೂಲವಾಗುವ ಬಟ್ಟೆ ಇರಲಿ: ಕಣಕಾಲಿನ ಮೂಳೆಯ ಮೇಲೆ ಬೆರಳಿನಿಂದ ಕೆಲವು ಸೆಕೆಂಡು ಒತ್ತಿ ಹಿಡಿದು ಬಿಟ್ಟಾಗ ಗುಳಿ ಉಳಿಯುತ್ತದೆಯೇ ಎಂದು ನೋಡಲು ಹೇಳುತ್ತೇವೆ. ಕೆಲವೊಮ್ಮೆ ಅರ್ಧ ಒರಗಿಸಿ ಕೂರಿಸಿ ಕತ್ತಿನ ರಕ್ತನಾಳ ಉಬ್ಬಿದೆಯೇ ಎಂದೂ ನೋಡುತ್ತೇವೆ. ಟಿ.ವಿ., ಫ್ಯಾನು, ಮಿಕ್ಸರ್ ನಿಲ್ಲಿಸಿ. ಕಿವಿ ಮಂದವಿದ್ದರೆ ಇಯರ್‌ಫೋನ್ ಹಾಕಿಕೊಡಿ. ಕೊನೆಯದಾಗಿ, ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ಆದರೆ ತೊಂದರೆಯನ್ನು ಅತ್ತೆಯವರೇ ತಮ್ಮ ಮಾತಿನಲ್ಲಿ ಹೇಳಲು ಬಿಡಿ. ಅವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎರಡು ಸಲ ಉಸಿರು ತೆಗೆದುಕೊಂಡರೆ ಅದೂ ನಮಗೊಂದು ಲಕ್ಷಣವೇ.

ದಾವಣಗೆರೆಯಿಂದ ಒಬ್ಬ ಗೃಹಿಣಿ

ಪ್ರಶ್ನೆ: ನನ್ನ ಯಜಮಾನರಿಗೆ 52 ವರ್ಷ, ಸಕ್ಕರೆ ಕಾಯಿಲೆ ಇದೆ. ಎರಡು ವಾರದಿಂದ ಮೆಟ್ಟಿಲು ಹತ್ತಿದರೆ ಎದೆಯ ನಡುವೆ ಉರಿ, ಎಡದವಡೆಯಲ್ಲಿ ಸೆಳೆತ. ನಿಂತರೆ ಐದು ನಿಮಿಷದಲ್ಲಿ ಹೋಗುತ್ತದೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತಿದ್ದಾರೆ. ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ, ವಿಡಿಯೊದಲ್ಲಾದರೆ ತೋರಿಸುತ್ತೇನೆ ಎನ್ನುತ್ತಾರೆ.

ಉತ್ತರ: ವಿಡಿಯೊ ಬೇಡ. ಈ ಪತ್ರಕ್ಕೆ ಪತ್ರಿಕೆಯಲ್ಲಿ ಅಚ್ಚಾಗುವ ಮುಂಚೆಯೇ ಸಂಪಾದಕರ ಮೂಲಕ ಉತ್ತರ ಕಳುಹಿಸಿದ್ದೇನೆ, ಆದರೂ ಇದೇ ಪರಿಸ್ಥಿತಿಯಲ್ಲಿರುವ ಬೇರೆ ಮನೆಗಳಿಗಾಗಿ ಇಲ್ಲಿಯೂ ಬರೆಯುತ್ತೇನೆ. ಶ್ರಮಪಟ್ಟಾಗ ಬಂದು ವಿಶ್ರಾಂತಿಯಿಂದ ಹೋಗುವ ಎದೆಯ ಉರಿ ಅಥವಾ ಬಿಗಿತ, ಅದರಲ್ಲೂ ದವಡೆಗೋ ತೋಳಿಗೋ ಹರಡುವಂಥದ್ದು, ಹೃದಯದ ರಕ್ತನಾಳ ಕಿರಿದಾಗಿರುವುದರ ಲಕ್ಷಣವೆಂದೇ ಮೊದಲು ತಿಳಿಯಬೇಕು. ಹೊಟ್ಟೆಯ ಆಮ್ಲಕ್ಕೆ ಮೆಟ್ಟಿಲಿನ ಲೆಕ್ಕ ಗೊತ್ತಿರುವುದಿಲ್ಲ. ಹೀಗೆ ಹೊಸದಾಗಿ ಶುರುವಾದ ನೋವು ಯಾವ ದಿನವಾದರೂ ಹೃದಯಾಘಾತಕ್ಕೆ ತಿರುಗಬಹುದು. ಇದನ್ನು ತೀರ್ಮಾನಿಸಲು ಇ.ಸಿ.ಜಿ., ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೊಪೊನಿನ್ ರಕ್ತಪರೀಕ್ಷೆ, ಎಕೊ ಬೇಕು. ಇವುಗಳಲ್ಲಿ ಒಂದನ್ನೂ ಪರದೆಯ ಮೂಲಕ ಮಾಡಲಾಗದು. ಅವರನ್ನು ಇವತ್ತೇ ಕರೆದುಕೊಂಡು ಹೋಗಿ. ಅವರು ನಡೆದು ಬರಬಲ್ಲರು ಎಂಬ ಕಾರಣಕ್ಕೆ ನಾಳೆಗೆ ಮುಂದೂಡಬೇಡಿ.

ವಿಶ್ರಾಂತಿಯಲ್ಲಿದ್ದರೂ ನೋವು ಹೋಗದಿದ್ದರೆ, ಬೆವರು, ವಾಂತಿ, ತಲೆಸುತ್ತು, ಉಸಿರುಕಟ್ಟುವುದು ಜೊತೆಗೂಡಿದರೆ, 108ಕ್ಕೆ ಕರೆ ಮಾಡಿ. ಸ್ವಂತ ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ಮಹಿಳೆಯರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರಾಟದ ಕಷ್ಟ, ಹೊಟ್ಟೆ ತೊಳೆಸುವಿಕೆಯಾಗಿ ಹೃದಯಾಘಾತ ಕಾಣಿಸಿಕೊಳ್ಳಬಹುದು ಎಂಬುದು ಮನೆಯವರಿಗೆ ನೆನಪಿರಲಿ. ಮುಚ್ಚಿಹೋದ ರಕ್ತನಾಳವನ್ನು ತೆರೆಯುವ ಚುಚ್ಚುಮದ್ದು ಮೊದಲ ಕೆಲವೇ ಗಂಟೆಗಳಲ್ಲಿ ಹೆಚ್ಚು ಫಲ ಕೊಡುತ್ತದೆ. ಹನ್ನೆರಡು ಗಂಟೆ ಕಳೆದ ಮೇಲೆ ಅದರಿಂದ ಪ್ರಯೋಜನ ಬಹಳ ಕಡಿಮೆ.

ತಜ್ಞರು ಪರದೆಯಲ್ಲಿ ಸಿಗುವುದರಿಂದ ಇಂಥ ಹೊತ್ತಿನಲ್ಲಿ ನಿಜವಾದ ಉಪಯೋಗವಾಗುವುದು ಮನೆಯಲ್ಲಲ್ಲ, ತಾಲ್ಲೂಕು ಆಸ್ಪತ್ರೆಯಲ್ಲಿ. ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ರಾಜ್ಯದ ಹಲವು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳೊಂದಿಗೆ ಜೋಡಣೆಗೊಂಡಿವೆ. ಅಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡುತ್ತಾರೆ, ಹೃದಯಾಘಾತವೆಂದು ಖಚಿತವಾದರೆ ರಕ್ತನಾಳ ತೆರೆಯುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು ಮುಂದಿನ ಆಸ್ಪತ್ರೆಗೆ ಸಾಗಿಸುತ್ತಾರೆ. ಮಂಗಳೂರಿನ ಹೃದಯತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಕಾರ್ಯವೂ ಇದೇ ದಾರಿಯದು: ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಕೊಟ್ಟು, ಅಲ್ಲಿನ ವೈದ್ಯರು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದ ಇ.ಸಿ.ಜಿ.ಗೆ ತಜ್ಞರು ಉತ್ತರಿಸುವ ವ್ಯವಸ್ಥೆ. ಇನ್ನೂ ಹಿಂದೆ, 2002ರಲ್ಲೇ, ಇಸ್ರೊದ ಉಪಗ್ರಹ ಸಂಪರ್ಕದಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ದೂರದಿಂದ ಹೃದಯ ನೋಡುವ ಕೆಲಸದಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವವಿದೆ, ಮತ್ತು ಈ ಎಲ್ಲ ಪ್ರಯತ್ನಗಳಲ್ಲೂ ರೋಗಿಯ ಪಕ್ಕದಲ್ಲಿ ಒಬ್ಬ ವೈದ್ಯರೋ ನರ್ಸೋ ಒಂದು ಇ.ಸಿ.ಜಿ. ಯಂತ್ರವೋ ಇದ್ದೇ ಇತ್ತು.

ಕೊಪ್ಪಳ ಜಿಲ್ಲೆಯಿಂದ ಒಬ್ಬ ತಾಯಿ

ಪ್ರಶ್ನೆ: ಮಗಳಿಗೆ ಸಂಧಿವಾತ ಜ್ವರದಿಂದ ಕವಾಟ ಕೆಟ್ಟು, 17ನೇ ವಯಸ್ಸಿನಲ್ಲಿ ಲೋಹದ ಕವಾಟ ಹಾಕಿದ್ದಾರೆ. ಈಗ 24. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಾಳೆ. ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆಂದು ತಿಳಿಸುವ ಐ.ಎನ್.ಆರ್. ಪರೀಕ್ಷೆ ಇಲ್ಲೇ ಮಾಡಿಸಿ ವಿಡಿಯೊದಲ್ಲಿ ಡಾಕ್ಟರಿಗೆ ತೋರಿಸುತ್ತೇವೆ. ಮದುವೆಯಾಗಿ ಆರು ತಿಂಗಳಾಯಿತು. ಹೀಗೆಯೇ ಮುಂದುವರಿಸಬಹುದೇ?

ಉತ್ತರ: ಐ.ಎನ್.ಆರ್. ನೋಡಿ ಮಾತ್ರೆಯ ಪ್ರಮಾಣ ಹೊಂದಿಸುವುದು ದೂರದಿಂದ ಮಾಡಲು ಅತ್ಯಂತ ಸೂಕ್ತವಾದ ಕೆಲಸ, ಅದನ್ನು ಮುಂದುವರಿಸಿ. ಮಗಳ ಕವಾಟಕ್ಕೆ ಯಾವ ಮಟ್ಟ ಸರಿ ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಿಡಿ. ಸಾಮಾನ್ಯವಾಗಿ ಮೈಟ್ರಲ್ ಜಾಗದ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ) ಲೋಹದ ಕವಾಟಕ್ಕೆ 2.5ರಿಂದ 3.5ರ ನಡುವೆ ಇರಬೇಕೆನ್ನುತ್ತೇವೆ. ಸೊಪ್ಪು ತಿನ್ನುವುದನ್ನು ಪೂರ್ತಿ ಬಿಡಬೇಕಾಗಿಲ್ಲ, ಆದರೆ ಒಂದು ವಾರ ದಿನವೂ ಮೆಂತ್ಯ, ಪಾಲಕ್, ಇನ್ನೊಂದು ವಾರ ಏನೂ ಇಲ್ಲ ಎಂಬಂತಾದರೆ ಐ.ಎನ್.ಆರ್. ಏರಿಳಿಯುತ್ತದೆ. ಯಾವುದೇ ಹೊಸ ಆ್ಯಂಟಿಬಯಾಟಿಕ್ ಅಥವಾ ನೋವಿನ ಗುಳಿಗೆ ಶುರುವಾದರೆ ಅದನ್ನು ತಿಳಿಸಿ, ಐ.ಎನ್.ಆರ್. ಬೇಗ ಮಾಡಿಸಿ. ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು ವೈದ್ಯರು ಹೇಳಿದ್ದರೆ ಅದಕ್ಕೆ ಆರೋಗ್ಯ ಕೇಂದ್ರಕ್ಕೇ ಹೋಗಬೇಕು, ಮತ್ತು ತಪ್ಪಿಸಬಾರದು.

ಆದರೆ ನಿಮ್ಮ ಪತ್ರದಲ್ಲಿ ಮಗಳ ಮದುವೆಯ ಬಗೆಗಿನ ಸಾಲು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಮಗು ಬೇಕೆಂದು ಯೋಚಿಸುವ ಮುಂಚೆಯೇ ಮಗಳು ಮತ್ತು ಅಳಿಯ ಇಬ್ಬರೂ ಹೃದಯತಜ್ಞರನ್ನು ಎದುರಾಗಿ ಕಾಣಬೇಕು, ಜೊತೆಗೆ ಪ್ರಸೂತಿ ತಜ್ಞರನ್ನೂ. ರಕ್ತ ತೆಳುವಾಗುವ ಈ ಮಾತ್ರೆಗಳು ಗರ್ಭದ ಮೊದಲ ತಿಂಗಳುಗಳಲ್ಲಿ, ಮುಖ್ಯವಾಗಿ 6ರಿಂದ 12ನೇ ವಾರದ ನಡುವೆ, ಮಗುವಿನ ಬೆಳವಣಿಗೆಗೆ ತೊಂದರೆ ಮಾಡಬಹುದು. ಅದನ್ನು ಕೇಳಿ ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ತಾಯಿಯ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಮಾತ್ರೆಯ ಬದಲು ಹೆಪಾರಿನ್ ಚುಚ್ಚುಮದ್ದು ಯಾವಾಗ, ಎಷ್ಟು, ಮತ್ತೆ ಮಾತ್ರೆಗೆ ಮರಳುವುದು ಯಾವಾಗ ಎಂಬುದನ್ನು ಎಕೊ ಮಾಡಿ, ಹೃದಯದ ಶಕ್ತಿ ನೋಡಿ, ಎದುರು ಕೂತು ಮಾತಾಡಿ ನಿರ್ಧರಿಸಬೇಕಾಗುತ್ತದೆ. ಗರ್ಭಧಾರಣೆ ಬೇಡವೆಂಬ ಸಲಹೆ ಬಂದರೂ ಬರಬಹುದು. ಆ ಮಾತನ್ನು ಅತ್ತೆಮನೆಯವರ ಮುಂದೆ ಹೇಳುವ ಭಾರವನ್ನು ಆ ಹುಡುಗಿಯೊಬ್ಬಳ ಮೇಲೆ ಬಿಡಬೇಡಿ. ಈಗಾಗಲೇ ಮುಟ್ಟು ತಪ್ಪಿದ್ದರೆ ಮಾತ್ರೆ ನಿಲ್ಲಿಸದೆ ಅದೇ ದಿನ ವೈದ್ಯರಿಗೆ ಕರೆ ಮಾಡಿ.

ಇನ್ನೊಂದು ಸೂಚನೆ. ಲೋಹದ ಕವಾಟ ಟಿಕ್ ಟಿಕ್ ಎಂದು ಸದ್ದು ಮಾಡುವುದು ನಿಮಗೆ ಅಭ್ಯಾಸವಾಗಿರುತ್ತದೆ. ಆ ಸದ್ದು ಮಂದವಾದರೆ, ಉಸಿರಾಟ ಹೊಸದಾಗಿ ಕಷ್ಟವಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಕಾರಣ ತಿಳಿಯದ ಜ್ವರ ಮುಂದುವರಿದರೆ ವಿಡಿಯೊಗೆ ಸಮಯ ಕೇಳುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ಮೈಸೂರಿನಿಂದ ಒಬ್ಬ ಓದುಗರು

ಪ್ರಶ್ನೆ: ತಾಯಿಗೆ 74 ವರ್ಷ, ಹೃದಯದ ಪಂಪಿಂಗ್ ಶೇ 30. ಕಾಲು ಊದಿದಾಗಲೆಲ್ಲ ಡಾಕ್ಟರು ವಿಡಿಯೊದಲ್ಲಿ ನೋಡಿ ಮೂತ್ರ ಹೋಗುವ ಮಾತ್ರೆಯನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ಇದನ್ನು ನಾವೇ ಮಾಡಿಕೊಳ್ಳಬಹುದಲ್ಲವೇ?

ಉತ್ತರ: ವೈದ್ಯರು ಅದಕ್ಕೆಂದು ಸ್ಪಷ್ಟವಾಗಿ ಬರೆದುಕೊಟ್ಟಿದ್ದರೆ ಮಾಡಬಹುದು, ಇಲ್ಲದಿದ್ದರೆ ಬೇಡ. ಮೂತ್ರ ಹೆಚ್ಚಿಸುವ ಮಾತ್ರೆ ಅತಿಯಾದರೆ ರಕ್ತದೊತ್ತಡ ಕುಸಿದು ಬೀಳಬಹುದು, ಸೋಡಿಯಂ ಪೊಟ್ಯಾಸಿಯಂ ಏರುಪೇರಾಗಬಹುದು, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಹೆಚ್ಚಬಹುದು. ಈ ರಕ್ತಪರೀಕ್ಷೆಗಳನ್ನು ಪ್ರಮಾಣ ಬದಲಿಸಿದ ಒಂದೆರಡು ವಾರದಲ್ಲಿ ಮಾಡಿಸಿ ತೋರಿಸಬೇಕು.

ಕಾಲು ಊದುವವರೆಗೆ ಕಾಯಬೇಡಿ. ದಿನವೂ ಬೆಳಿಗ್ಗೆ, ಶೌಚ ಮುಗಿಸಿ, ತಿಂಡಿಗೆ ಮುಂಚೆ, ಒಂದೇ ತೂಕದ ಯಂತ್ರದಲ್ಲಿ ತೂಕ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೊಗಿಂತ ಹೆಚ್ಚು ಏರಿದರೆ ಅದು ನೀರು. ಆ ದಿನವೇ ತಿಳಿಸಿ. ರಾತ್ರಿ ಒಂದು ದಿಂಬಿನ ಬದಲು ಮೂರು ದಿಂಬು ಬೇಕಾಗುತ್ತಿದ್ದರೆ, ನಡುರಾತ್ರಿ ಉಸಿರುಕಟ್ಟಿ ಎದ್ದು ಕೂರುತ್ತಿದ್ದರೆ ಪರದೆಯ ಮುಂದೆ ಕೂರಿಸುವ ಬದಲು ಆಸ್ಪತ್ರೆಗೆ ಕರೆತನ್ನಿ. ಶ್ವಾಸಕೋಶದಲ್ಲಿ ನೀರು ತುಂಬಿದ್ದನ್ನು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟೇ ಕೇಳಬೇಕು.

ಉಪ್ಪಿನ ವಿಷಯದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳ ಬಗ್ಗೆ ನಿಮಗೆ ಈಗಾಗಲೇ ಹೇಳಿರುತ್ತಾರೆ. ನಾನು ಸೇರಿಸಬೇಕಾದದ್ದು ಎರಡು. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಮಾರುವ ಪೊಟ್ಟಣಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಎಳನೀರಿನಲ್ಲೂ ಪೊಟ್ಯಾಸಿಯಂ ಹೆಚ್ಚು. ಹೃದಯ ಸೋತವರಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ರ‍್ಯಾಮಿಪ್ರಿಲ್‌ನಂಥ ಮಾತ್ರೆಗಳು ಪೊಟ್ಯಾಸಿಯಂ ಅನ್ನು ಮೊದಲೇ ಏರಿಸುತ್ತವೆ. ಇವೆಲ್ಲ ಕೂಡಿದರೆ ಹೃದಯದ ಬಡಿತವೇ ಏರುಪೇರಾಗುವ ಅಪಾಯವಿದೆ. ತಂಪೆಂದು ದಿನವೂ ಎಳನೀರು ಕುಡಿಸುತ್ತಿರುವುದನ್ನು ಮನೆಯವರು ವಿಡಿಯೊದಲ್ಲಿ ಹೇಳುವುದೇ ಇಲ್ಲ, ಏಕೆಂದರೆ ಅದನ್ನು ಯಾರೂ ಔಷಧ ಎಂದು ಎಣಿಸುವುದಿಲ್ಲ. ದಯವಿಟ್ಟು ಹೇಳಿ.

ಬೆಂಗಳೂರಿನಿಂದ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ

ಪ್ರಶ್ನೆ: ನನ್ನ ಕೈಗಡಿಯಾರ ಇ.ಸಿ.ಜಿ. ತೆಗೆಯುತ್ತದೆ. ಅದನ್ನು ಕಳುಹಿಸಿದರೆ ಸಾಕೇ?

ಉತ್ತರ: ಎದೆ ಡವಗುಟ್ಟಿ ಕೆಲವೇ ನಿಮಿಷದಲ್ಲಿ ನಿಲ್ಲುವಂಥ ತೊಂದರೆಗೆ ಅದು ಬಹಳ ಉಪಯುಕ್ತ, ಆಸ್ಪತ್ರೆ ತಲುಪುವಷ್ಟರಲ್ಲಿ ಮಾಯವಾಗುವ ಬಡಿತದ ಏರುಪೇರನ್ನು ಆ ಕ್ಷಣವೇ ಹಿಡಿದಿಡುತ್ತದೆ. ಆದರೆ ಅದು ಹೃದಯವನ್ನು ಒಂದೇ ಕೋನದಿಂದ ನೋಡುತ್ತದೆ, ಆಸ್ಪತ್ರೆಯದು ಹನ್ನೆರಡು ಕೋನಗಳಿಂದ. ಎದೆನೋವು ಬಂದಾಗ ಗಡಿಯಾರ ಸಹಜ ಎಂದು ತೋರಿಸಿದರೂ ಹೃದಯಾಘಾತ ಇಲ್ಲವೆಂದು ಅರ್ಥವಲ್ಲ.

ಐರ್ಲೆಂಡಿನಲ್ಲಿರುವ ಒಬ್ಬ ಕನ್ನಡಿಗರು

ಪ್ರಶ್ನೆ: ಉಡುಪಿಯಲ್ಲಿರುವ ಅಪ್ಪ ಅಮ್ಮನ ವಿಡಿಯೊ ಭೇಟಿಯಲ್ಲಿ ನಾನೂ ಸೇರಬಹುದೇ? ನನಗೂ ಬಿ.ಪಿ. ಇದೆ, ಅದೇ ವೈದ್ಯರು ನನಗೂ ಔಷಧ ಬರೆಯಬಹುದೇ?

ಉತ್ತರ: ಮೊದಲನೆಯದಕ್ಕೆ ಖಂಡಿತ ಆಗಬಹುದು. ಅಪ್ಪ ಅಮ್ಮ ಸ್ವತಃ ಕರೆಯಲ್ಲಿದ್ದು, ಮಗ ಕೇಳಿಸಿಕೊಳ್ಳಲಿ ಎಂದು ವೈದ್ಯರಿಗೆ ಹೇಳಿದರೆ ಸಾಕು. ಅವರಿಲ್ಲದೆ ನೀವೊಬ್ಬರೇ ಮಾತಾಡಿ ಮಾತ್ರೆ ಬದಲಿಸಿಕೊಳ್ಳುವುದು ಒಳ್ಳೆಯದಲ್ಲ. ಅಪ್ಪ ನಿಮಗೆ ಹೇಳದ ತೊಂದರೆಯನ್ನು ವೈದ್ಯರಿಗೆ ಹೇಳಬಹುದು, ಅದಕ್ಕೂ ಒಂದಿಷ್ಟು ಸಮಯ ಅವರಿಬ್ಬರಿಗೇ ಬಿಡಿ. ಎರಡನೆಯದಕ್ಕೆ ಉತ್ತರ ಇಲ್ಲ ಎಂದೇ. 2020ರ ಮಾರ್ಗಸೂಚಿ ಭಾರತದ ಹೊರಗಿನ ಸಮಾಲೋಚನೆಗೆ ಅನ್ವಯಿಸುವುದಿಲ್ಲ. ನಿಮ್ಮ ಚಿಕಿತ್ಸೆ ಅಲ್ಲಿನ ವೈದ್ಯರ ಕೈಯಲ್ಲಿರಲಿ.

ಚಿಕ್ಕಮಗಳೂರು ಜಿಲ್ಲೆಯಿಂದ ಒಬ್ಬ ಕೃಷಿಕರು

ಪ್ರಶ್ನೆ: ನಮ್ಮಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಖಾಸಗಿ ಆಸ್ಪತ್ರೆಯ ವಿಡಿಯೊ ಶುಲ್ಕವೂ ಕಷ್ಟ. ಸರಕಾರದ್ದು ಏನಾದರೂ ಇದೆಯೇ? ಹಾಗೆಯೇ ಪರದೆಯಲ್ಲಿ ಕಾಣುವವರು ನಿಜವಾದ ಡಾಕ್ಟರೆಂದು ತಿಳಿಯುವುದು ಹೇಗೆ?

ಉತ್ತರ: ಕೇಂದ್ರ ಆರೋಗ್ಯ ಸಚಿವಾಲಯದ ಇ-ಸಂಜೀವಿನಿ ಸೇವೆ ಉಚಿತ. ಅದರಲ್ಲಿ ಎರಡು ದಾರಿಗಳಿವೆ: ಮನೆಯಿಂದಲೇ ಫೋನಿನಲ್ಲಿ ವೈದ್ಯರನ್ನು ಕಾಣುವುದು ಒಂದು, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿನ ಸಿಬ್ಬಂದಿಯ ಮೂಲಕ ದೊಡ್ಡ ಆಸ್ಪತ್ರೆಯ ವೈದ್ಯರನ್ನು ಕಾಣುವುದು ಇನ್ನೊಂದು. ನಿಮಗೆ ನಾನು ಎರಡನೆಯದನ್ನು ಹೇಳುತ್ತೇನೆ, ಏಕೆಂದರೆ ಅಲ್ಲಿ ಬಿ.ಪಿ. ನೋಡಲು ತರಬೇತಾದ ಕೈ ಇರುತ್ತದೆ, ಸಂಪರ್ಕವೂ ಮನೆಗಿಂತ ಉತ್ತಮವಾಗಿರಬಹುದು. ಪ್ರತಿ ಸಲ ಹೃದಯತಜ್ಞರೇ ಸಿಗುತ್ತಾರೆಂದು ಹೇಳಲಾಗದು, ಆದರೆ ಬಿ.ಪಿ., ಸಕ್ಕರೆ, ನಡೆಯುತ್ತಿರುವ ಮಾತ್ರೆಗಳ ವಿಚಾರಕ್ಕೆ ಸಾಮಾನ್ಯ ವೈದ್ಯರೂ ಸಾಕು. ಖಾಸಗಿ ವೈದ್ಯರೊಂದಿಗೂ ಚಿತ್ರ ನಿಂತುಹೋದರೆ ಭೇಟಿ ವ್ಯರ್ಥವಾಯಿತೆಂದು ತಿಳಿಯಬೇಡಿ. ಫೋಟೊಗಳನ್ನು ಮುಂಚೆಯೇ ಕಳುಹಿಸಿದ್ದರೆ, ಪರಿಚಿತ ರೋಗಿಯ ಜೊತೆ ಬರೀ ಫೋನಿನಲ್ಲಿ ಮಾತು ಮುಗಿಸಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. ವೈದ್ಯರು ಇದು ಸಾಲದು, ಬನ್ನಿ ಎಂದರೆ ಅದನ್ನು ತಪ್ಪು ತಿಳಿಯಬೇಡಿ. ಹಾಗೆ ಹೇಳುವ ಅಧಿಕಾರವೂ ಹೊಣೆಯೂ ಅವರಿಗಿದೆ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ವೈದ್ಯರು ಕಳುಹಿಸುವ ಚೀಟಿಯಲ್ಲಿ ಅವರ ಹೆಸರು, ವಿದ್ಯಾರ್ಹತೆ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಸಹಿ ಮತ್ತು ದಿನಾಂಕ ಇರಬೇಕು. ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚ ಬೇಡ, ಅದನ್ನು ತಿಳಿಸುವುದು ಅವರ ಕರ್ತವ್ಯ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಆ ಸಂಖ್ಯೆಯನ್ನು ತಾಳೆ ನೋಡಬಹುದು. ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡುವ ಬದಲು, ಹಳೆಯ ಚೀಟಿ ಅಥವಾ ಬಿಲ್ಲಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೇ ಬಳಸಿ. ಹುಡುಕಾಟದಲ್ಲಿ ಸಿಗುವ ಸಂಖ್ಯೆಗಳಲ್ಲಿ ವಂಚಕರವೂ ಇರುತ್ತವೆ. ವೈದ್ಯರ ಭೇಟಿಯ ಸಮಯ ಗೊತ್ತುಮಾಡಲು ಬ್ಯಾಂಕಿನಿಂದ ಬಂದ ಒ.ಟಿ.ಪಿ.ಯನ್ನು ಯಾರಿಗೂ ಹೇಳಬೇಕಾಗಿಲ್ಲ, ಫೋನಿನ ಪರದೆಯನ್ನು ಇನ್ನೊಬ್ಬರಿಗೆ ತೋರಿಸುವ ಯಾವ ಆ್ಯಪನ್ನೂ ಹಾಕಿಕೊಳ್ಳಬೇಕಾಗಿಲ್ಲ. ಯಾರಾದರೂ ಹಾಗೆ ಕೇಳಿದರೆ ಫೋನ್ ಇಟ್ಟುಬಿಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ.